ಮೂರನೇ ಚೀಟಿ

ಕೊರೋನಾ ಮುಗಿದ ಮರುವರ್ಷದ ಮಾತು. ಆಗ ನಾನು ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಶಿಶುಪಾಲನಾ ಕೇಂದ್ರದಲ್ಲಿ ಮೇಲ್ವಿಚಾರಕಿಯಾಗಿದ್ದೆ. ಹೊಲಿಗೆ ಮೆಷಿನ್ ಮುಂದೆ ಕೂರುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋಗುತ್ತಿದ್ದ ಜಾಗ ಅದು. ಒಂದೂವರೆಯಿಂದ ಮೂರು ವರ್ಷದೊಳಗಿನ ಹದಿನಾಲ್ಕು ಮಕ್ಕಳು, ತಗಡಿನ ಸೂರಿನ ಒಂದು ಹಾಲ್, ಒಂದು ಟಿವಿ. ನರ್ಸರಿ ಟ್ರೈನಿಂಗ್ ಡಿಪ್ಲೊಮಾ ಮುಗಿಸಿ ಮೂವತ್ತೇಳು ವರ್ಷ ಮಕ್ಕಳ ಜೊತೆಗೇ ಕಳೆದವಳು ನಾನು. ಆ ಡಿಪ್ಲೊಮಾಕ್ಕೆ ಫ್ರೇಮ್ ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿದ್ದೆ ಎಂದರೆ ನನ್ನ ಜಂಬ ಎಷ್ಟಿತ್ತೆಂದು ತಿಳಿಯಬಹುದು.

ಆ ಜೂನ್‌ನಲ್ಲಿ ಶಿವವ್ವ ಆಯಾ ಆಗಿ ಬಂದಳು. ಕೊಪ್ಪಳದ ಕಡೆಯವಳು; ಲಗ್ಗೆರೆಯಲ್ಲಿ ಬಾಡಿಗೆ ರೂಮು, ಗಂಡನಿಗೆ ಗಾರೆ ಕೆಲಸ. ಓದು ಬರಹ ಬಾರದು. ಅವಳು ಬಂದ ಹದಿನೈದೇ ದಿನಕ್ಕೆ ಮಕ್ಕಳು ಬಾಗಿಲಲ್ಲಿ ನನ್ನನ್ನು ದಾಟಿ ಹೋಗಿ ಅವಳ ಸೆರಗು ಹಿಡಿಯತೊಡಗಿದವು. ನಾನು ಚಾರ್ಟ್ ಹಿಡಿದು ಬಣ್ಣಗಳ ಹೆಸರು ಹೇಳಿಕೊಡುತ್ತಿದ್ದರೆ ಅವುಗಳ ಕಣ್ಣೆಲ್ಲ ಅವಳು ಕಸ ಗುಡಿಸುವುದರ ಮೇಲೆ. ಕಸ ಗುಡಿಸುವುದರಲ್ಲಿ ನೋಡುವಂಥದ್ದು ಏನಿದೆ? ನನಗೆ ಹೊಟ್ಟೆ ಉರಿಯುತ್ತಿತ್ತು. ಹಾಲು ಕಾಯಿಸಿದರೆ ಬಿಸಿ ಹೆಚ್ಚಾಯಿತೆಂದೂ, ಮಲಗಿಸಿದರೆ ಹೊತ್ತು ಮೀರಿತೆಂದೂ ತಪ್ಪು ಹುಡುಕುತ್ತಿದ್ದೆ. ಅವಳು “ಆತ್ರಿ ಮೇಡಂ” ಎಂದು ನಗುತ್ತಿದ್ದಳು. ಆ ನಗುವನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ.

ಅಲ್ಲಿನ ಒಂದು ಪದ್ಧತಿಯನ್ನು ಹೇಳಬೇಕು. ಮಗು ಅರ್ಧ ಗಂಟೆ ಎಡೆಬಿಡದೆ ಅತ್ತರೆ ನಾನು ಚೀಟಿ ಬರೆದು ಸಹಿ ಹಾಕಿ ಸೆಕ್ಯುರಿಟಿಯವನ ಕೈಗೆ ಕೊಡಬೇಕು. ಅದು ಫ್ಲೋರ್ ಇನ್‌ಚಾರ್ಜ್‌ಗೆ ತಲುಪಿದರೆ ತಾಯಿಯನ್ನು ಮೆಷಿನ್‌ನಿಂದ ಎಬ್ಬಿಸಿ ಕಳಿಸುತ್ತಿದ್ದರು. ಒಂದು ಮೆಷಿನ್ ನಿಂತರೆ ಇಡೀ ಲೈನ್ ನಿಧಾನ. ಹಾಗಾಗಿ ಹೊಸಬರಿಗೆ ಮೊದಲ ಮೂರು ತಿಂಗಳ ಪ್ರೊಬೇಷನ್‌ನಲ್ಲಿ ಮೂರು ಚೀಟಿ ಬಿದ್ದರೆ ಕೆಲಸ ಕಾಯಂ ಆಗುತ್ತಿರಲಿಲ್ಲ. ಹೊಸದಾಗಿ ಸೇರಿದ್ದ ಟಿ. ದಾಸರಹಳ್ಳಿಯ ಮಂಜುಳಾಗೆ ಆಗಲೇ ಎರಡು ಬಿದ್ದಿದ್ದವು. ಗಂಡ ಬಿಟ್ಟುಹೋಗಿದ್ದ ಹೆಣ್ಣುಮಗಳು. ಆ ಸಂಬಳ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅವಳ ಎರಡು ವರ್ಷದ ಮಗಳು ಚಿನ್ಮಯಿ ನಮ್ಮ ಕೇಂದ್ರಕ್ಕೆ ಇನ್ನೂ ಒಗ್ಗಿರಲಿಲ್ಲ.

ಆಗಸ್ಟ್‌ನ ಒಂದು ಬೆಳಿಗ್ಗೆ ಮಳೆ ಹಿಡಿಯಿತು. ತಗಡಿನ ಮೇಲಿನ ಸದ್ದಿಗೆ ನನ್ನ ದನಿ ನನಗೇ ಕೇಳದು. ಕರೆಂಟ್ ಹೋಗಿ ಟಿವಿಯ ಹಾಡು ನಿಂತಿತು. ಮಕ್ಕಳನ್ನು ಅಂಗಳಕ್ಕೆ ಬಿಡುವಂತಿಲ್ಲ. ಚಾರ್ಟ್ ತೆಗೆದೆ, ಬೊಂಬೆ ಕುಣಿಸಿದೆ, ಚಪ್ಪಾಳೆ ತಟ್ಟಿ ಹಾಡಿದೆ. ಚಿನ್ಮಯಿ ಶುರು ಮಾಡಿದ ಅಳು ಒಂದೊಂದೇ ಮಗುವಿಗೆ ಅಂಟಿತು. ಅಷ್ಟರಲ್ಲಿ ಸೂರು ಮೂರು ಕಡೆ ಸೋರತೊಡಗಿತು. ಬೇಗ ಒರೆಸು, ಮಕ್ಕಳು ಜಾರಿ ಬೀಳುತ್ತವೆ ಎಂದರೆ, ಶಿವವ್ವ ಸೋರುವ ಕಡೆಯಲ್ಲೆಲ್ಲ ಗೋಣಿಚೀಲ ಹಾಸಿ ಅದರ ಮೇಲೆ ಊಟದ ಸ್ಟೀಲ್ ತಟ್ಟೆಗಳನ್ನು ಬೋರಲು ಹಾಕುತ್ತಿದ್ದಾಳೆ!

“ಎರಡ ನಿಮಿಷ ತಡ್ರಿ ಮೇಡಂ. ಹುಡುಗ್ರು ತಾವ ಸುಮ್ನಾಕ್ಕಾವ,” ಎಂದಳು.

ಗಡಿಯಾರ ನೋಡಿದೆ. ಚಿನ್ಮಯಿ ಅಳಲು ಶುರು ಮಾಡಿ ಇಪ್ಪತ್ತೇ ನಿಮಿಷವಾಗಿತ್ತು. ಆದರೂ ಚೀಟಿ ಬರೆದೆ, ಅರ್ಧ ಗಂಟೆ ಎಂದೇ ಬರೆದೆ. ನನ್ನ ಕೈಲಿ ಆಗದ್ದು ಇವಳ ಕೈಲಿ ಆಗಬಾರದು. ಆಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ.

ಸೆಕ್ಯುರಿಟಿಯವನು ಕೊಡೆ ಬಿಚ್ಚಿ ಹೊರಟ. ಇತ್ತ ಮಳೆಯ ಸದ್ದು ಕೊಂಚ ತಗ್ಗಿತು, ತಟ್ಟೆಯ ಮೇಲೆ ಟಣ್ ಎಂದು ಹನಿ ಬಿತ್ತು. ಶಿವವ್ವ ಬೆಚ್ಚಿಬಿದ್ದವಳಂತೆ ನಟಿಸಿ ಹಿಂದಕ್ಕೆ ಉರುಳಿದಳು. ಇನ್ನೊಂದು ತಟ್ಟೆಗೆ ಇನ್ನೊಂದು ಹನಿ ಬಿತ್ತು, ಮತ್ತೆ ಉರುಳಿದಳು. ಚಿನ್ಮಯಿ ಬಿಕ್ಕುತ್ತಲೇ ನೋಡಿದಳು, ಮೂರನೆಯದಕ್ಕೆ ನಕ್ಕೇಬಿಟ್ಟಳು. ಮುಂದಿನ ಹನಿ ಯಾವ ತಟ್ಟೆಗೆ ಬೀಳುತ್ತದೋ ಎಂದು ಹದಿನಾಲ್ಕೂ ಮಕ್ಕಳು ಕಾದು ಕೂತವು. ಸೆಕ್ಯುರಿಟಿಯವನು ಇನ್ನೂ ಅಂಗಳ ದಾಟಿರಲಿಲ್ಲ. ಕೂಗಿದ್ದರೆ ವಾಪಸ್ ಬರುತ್ತಿದ್ದ. ನಾನು ಕೂಗಲಿಲ್ಲ.

ಮಂಜುಳಾ ತೊಯ್ದು ತೊಪ್ಪೆಯಾಗಿ ಓಡಿಬಂದಳು. ಮಗಳು ಶಿವವ್ವನ ತೊಡೆಯ ಮೇಲೆ ಕೂತು ಕೇಕೆ ಹಾಕುತ್ತಿದ್ದಳು. “ಚಿನ್ನೂ” ಎಂದು ತಾಯಿ ಕೈ ಚಾಚಿದರೆ ತಿರುಗಿಯೂ ನೋಡಲಿಲ್ಲ. ಆಗ ಮಂಜುಳಾ ಶಿವವ್ವನನ್ನು ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಎರಡು ತಿಂಗಳಿಂದ ನಾನು ಶಿವವ್ವನನ್ನು ನೋಡುತ್ತಿದ್ದದ್ದೂ ಹಾಗೆಯೇ. ಆದರೆ ಮಂಜುಳಾ ಹೆತ್ತವಳು, ಅವಳಿಗೆ ಆ ಹಕ್ಕಿತ್ತು. ಆ ಉರಿಯನ್ನು ನುಂಗಿಕೊಂಡು ನನ್ನ ಕಡೆ ತಿರುಗಿದಳು.

“ನಗ್ತಾ ಇದಾಳಲ್ಲ ಮೇಡಂ. ಮತ್ಯಾಕೆ ಕರೆಸ್ಬಿಟ್ರಿ? ಇದು ಮೂರನೇದು ಅಂತ ನಿಮ್ಗೆ ಗೊತ್ತಿತ್ತಲ್ವಾ?”

ಗೊತ್ತಿತ್ತು. ಕೊಡೆಯನ್ನೂ ಹಿಡಿಯದೆ ಫ್ಲೋರ್ ಇನ್‌ಚಾರ್ಜ್ ಹತ್ತಿರ ಹೋದೆ. “ಅರ್ಧ ಗಂಟೆ ಆಗಿರ್ಲಿಲ್ಲ ಸಾರ್. ಸುಳ್ಳು ಬರೆದೆ,” ಎಂದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೀಟಿ ಹರಿದುಹಾಕಿ, ನನಗೆ ಮೆಮೊ ಕೊಡಿಸಿದ. ಮಂಜುಳಾಳ ಕೆಲಸ ಉಳಿಯಿತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಾನೇ ಮುಂದೆ ಹೋಗಿ ಮಗುವಿಗೆ ಕೈ ಚಾಚಿದೆ. ಮಂಜುಳಾ ನನ್ನನ್ನು ದಾಟಿ ಹೋಗಿ ಚಿನ್ಮಯಿಯನ್ನು ಶಿವವ್ವನ ಕೈಗೆ ಕೊಟ್ಟಳು.

“ಅಕ್ಕಾ, ಇನ್ಮೇಲೆ ನನ್ನ ಕರೆಸ್ಬೇಕಾ ಬೇಡ್ವಾ ಅಂತ ನೀವೇ ನೋಡಿ ಹೇಳಿ,” ಎಂದಳು. ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಶಿವವ್ವನನ್ನು ಕೇಳದೆ ನಾನು ಒಂದು ಚೀಟಿಯನ್ನೂ ಬರೆಯಲಿಲ್ಲ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ನಿವೃತ್ತಿಯ ದಿನ ಮಗುವೊಂದು ಅವಳ ಸೊಂಟದಲ್ಲಿ ಕೂತು ನನಗೆ ಟಾಟಾ ಮಾಡಿದಾಗಲೂ ಉರಿಯಿತು. ಉರಿದರೆ ಉರಿಯಲಿ. ಹಾಗೆ ಉರಿಯುವ ಹೊತ್ತಿನಲ್ಲಿ ಇನ್ನೊಬ್ಬರ ಅನ್ನದ ಮೇಲೆ ಸಹಿ ಹಾಕಬಾರದು ಎಂಬಷ್ಟನ್ನು ನನಗೆ ಆ ಕೆಲಸ ಕಲಿಸಿತು.