ಹೂರಣದೊಳಗಿನ ಹೆಬ್ಬೆರಳು

“ಕೈ ತೊಳೆಯಲು ಬರದವರ ಕೈಗೆ ಸೌಟು ಕೊಡಬೇಡಿ.”

ಹೋದ ತಿಂಗಳು ಫೇಸ್‌ಬುಕ್ಕಿನಲ್ಲಿ ಹೀಗೊಂದು ಪೋಸ್ಟ್ ಹಾಕಿದ್ದೆ, ನೆನಪಿದೆಯಲ್ಲ? ನಿಮ್ಮಲ್ಲಿ ಬಹಳ ಜನ ಲೈಕ್ ಒತ್ತಿದಿರಿ, ಶೇರ್ ಮಾಡಿದಿರಿ. “ಅಕ್ಕ, ಖಡಕ್ ಬರದೀರಿ” ಎಂದು ಚಪ್ಪಾಳೆ ತಟ್ಟುವ ಎಮೋಜಿ ಕಳಿಸಿದಿರಿ. ಅಷ್ಟೂ ಹೊತ್ತು ನನ್ನ ಬಲಗೈ ಹೆಬ್ಬೆರಳು ಕೀವು ತುಂಬಿ ಬಡಿದುಕೊಳ್ಳುತ್ತಿತ್ತು. ಆ ಪೋಸ್ಟನ್ನು ಎಡಗೈಯಲ್ಲಿ ಟೈಪ್ ಮಾಡಿದ್ದೆ.

ಇವತ್ತು ಅದರ ಉಳಿದರ್ಧ ಓದಿ. ಇದಕ್ಕೆ ಚಪ್ಪಾಳೆ ಬೇಡ.

ನಮ್ಮ ಭಾವನ ಮಗಳು ಅಶ್ವಿನಿಗೆ ಏಳು ತಿಂಗಳು ತುಂಬಿತ್ತು. ಶಹಾಪುರದ ನಮ್ಮ ಮನೆಯಲ್ಲೇ ಕುಬಸ ಇಟ್ಟುಕೊಂಡೆವು. (ನೀವು ಸೀಮಂತ ಅನ್ನುತ್ತೀರಿ, ನಾವು ಹಸಿರು ಕುಬಸ ತೊಡಿಸಿ ಉಡಿ ತುಂಬುತ್ತೇವೆ.) ಸುರಪುರದಿಂದ ಬೀಗರು ಬರುವವರಿದ್ದರು, ಎರಡು ಗಾಡಿ ತುಂಬ.

ಕುಬಸದ ಊಟ ಅಂದರೆ ಹೋಳಿಗೆ. ಹೋಳಿಗೆ ಅಂದರೆ ನಮ್ಮ ಮನೆತನದಲ್ಲಿ ನಾನು. ಮಿಕ್ಸರಿನ ಹೂರಣ ನಮ್ಮವರ ಗಂಟಲಲ್ಲಿ ಇಳಿಯುವುದಿಲ್ಲ. ಒರಳಿನಲ್ಲೇ ರುಬ್ಬಬೇಕು, ನನ್ನ ಕೈಯಿಂದಲೇ ರುಬ್ಬಬೇಕು. ಆ ಹೆಮ್ಮೆಯನ್ನು ಇಪ್ಪತ್ತು ವರ್ಷದಿಂದ ಉಂಡುಕೊಂಡೇ ಬಂದಿದ್ದೇನೆ.

ಆದರೆ ಈ ಸಲ ಬೆರಳಿಗೆ ಉಗುರುಸುತ್ತು. ತೊಗರಿ ಕಟ್ಟಿಗೆಯ ಸಿಬರು ಚುಚ್ಚಿದ್ದು, ಮೊದಲು ಕೆಂಪಾಯಿತು, ಆಮೇಲೆ ಹಳದಿಯಾಯಿತು. ನಮ್ಮ ಕಡೆ ಉಗುರುಸುತ್ತಿಗೆ ಡಾಕ್ಟರ ಬಳಿ ಹೋಗುವುದು ಅವಮಾನ. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೊಪ್ಪಿಗೆಯಂತೆ ತೊಡಿಸಿದರೆ ಮುಗಿಯಿತು. ನಾನೂ ನಾಲ್ಕು ದಿನ ನಿಂಬೆಹಣ್ಣು ತೊಟ್ಟು ಓಣಿಯೆಲ್ಲ ತಿರುಗಿದ್ದೆ.

ಹಿಂದಿನ ದಿನ ಸಂಜೆ ಒರಳಿನ ಮುಂದೆ ಕೂತಾಗ ಅದನ್ನು ತೆಗೆದಿಟ್ಟೆ. ನಿಂಬೆಹಣ್ಣು ತೊಟ್ಟು ಹೂರಣ ರುಬ್ಬಲು ಬರುತ್ತದೆಯೇ? ಸೋಪು ಹಚ್ಚಿ ಮೊಳಕೈವರೆಗೆ ತೊಳೆದೆ. (ಹೌದು, ನನಗೆ ಕೈ ತೊಳೆಯಲು ಬರುತ್ತದೆ.)

ಅಂಗಳದಲ್ಲಿ ಸೌತೆಕಾಯಿ ತೊಳೆಯುತ್ತಿದ್ದವಳು ದೇವಮ್ಮ. ಓಣಿಯ ಕೊನೆಗಿರುವ ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟ ಮಾಡುವವಳು. ಅಶ್ವಿನಿ ಅದೇ ಶಾಲೆಯಲ್ಲಿ ಓದುವಾಗ ಇವಳ ಕೈಯ ಪಚಡಿ ತಿಂದಿದ್ದಳು. ಈಗ ಬಸುರಿಯ ಬಯಕೆ: “ದೇವಮ್ಮನ ಕೈಲೇ ಪಚಡಿ ಮಾಡಸ್ರಿ.” ಬಯಕೆಗೆ ಇಲ್ಲ ಅನ್ನಬಾರದು ಎಂದು ಕರೆಸಿದ್ದರು, ಅಷ್ಟೇ.

ದೇವಮ್ಮ ನನ್ನ ಬೆರಳು ನೋಡಿದಳು.

“ಅಕ್ಕಾರ, ಬಟ್ಟು ಬಾತದಲ್ರಿ ನಿಮ್ದು. ಬದಿಗಿ ಸರೀರಿ, ನಾ ರುಬ್ತೀನಿ.”

ನಾನು ಬಾಯಿ ತೆರೆಯುವ ಮೊದಲೇ ನಮ್ಮ ನೆಗೆಣ್ಣಿ, ಅಂದರೆ ಅಶ್ವಿನಿಯ ಅವ್ವ, ಒಳಗಿನಿಂದ ಕೂಗಿದರು. “ನಿನಗ ಸೌತಿಕಾಯಿ ಹೇಳ್ಯಾರಲ್ಲ, ಅದನ್ನಷ್ಟ ನೋಡವ್ವ. ಹೂರಣ ದೇವರ ಮುಂದ ಇಡೂದದ.”

ದೇವಮ್ಮ ಮತ್ತೆ ಸೌತೆಕಾಯಿಗೆ ಕೂತಳು. ಯಾರು ಯಾವ ಓಣಿಯವರು ಎಂದು ಬಾಯಿಬಿಟ್ಟು ಹೇಳುವ ಕಾಲ ಹೋಯಿತು. ಈಗ ದೇವರನ್ನು ನಡುವೆ ನಿಲ್ಲಿಸಿ ಹೇಳುತ್ತೇವೆ. ನಾನೇನು ಮಾಡಿದೆ? ಒರಳಿನ ಗುಂಡು ತಿರುವಿದೆ. ಬೆಲ್ಲ, ಬೇಳೆ, ಏಲಕ್ಕಿ, ಎಲ್ಲದರ ನಡುವೆ ನನ್ನ ಹೆಬ್ಬೆರಳು.

ಫ್ರಿಜ್ಜಿನಲ್ಲಿ ಜಾಗ ಇರಲಿಲ್ಲ. ಮಲ್ಲಿಗೆ ಮಾಲೆ, ಕೇಕು, ಬೀಗರಿಗೆಂದು ತಂದ ತಂಪು ಬಾಟಲಿಗಳು. ಹೂರಣದ ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚಿ ಅಡುಗೆಮನೆಯಲ್ಲೇ ಇಟ್ಟೆವು. ನಮ್ಮೂರ ಬೇಸಿಗೆಯ ಅಡುಗೆಮನೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕೇ? ಮರುದಿನ ಅದನ್ನೇ ತುಂಬಿ, ಲಟ್ಟಿಸಿ, ತವದ ಮೇಲೆ ಸುಟ್ಟೆವು. ತುಪ್ಪ ಹಾಕಿದೆವು. ರುಚಿಗೆ, ವಾಸನೆಗೆ ಏನೂ ಕೊರತೆ ಇರಲಿಲ್ಲ. “ಕೈಗುಣ ಅಂದ್ರ ಇದು ನೋಡ್ರಿ” ಎಂದು ಬೀಗರು ಇನ್ನೊಂದು ಹಾಕಿಸಿಕೊಂಡರು.

ಒಂದು ಗಂಟೆಗೆ ಊಟ. ನಾಲ್ಕು ಹೊಡೆಯುವಷ್ಟರಲ್ಲಿ ಬೀಗಿತ್ತಿ ಬಚ್ಚಲ ಕಡೆ ಓಡಿದರು. ಅವರ ಹಿಂದೆ ಇಬ್ಬರು. ಆಮೇಲೆ ಲೆಕ್ಕ ತಪ್ಪಿತು. ಅಶ್ವಿನಿ ಹಸಿರು ಸೀರೆಯ ಮೇಲೆಯೇ ವಾಂತಿ ಮಾಡಿಕೊಂಡು, ಹೊಟ್ಟೆ ಹಿಡಿದು, “ಕಾಕಿ, ಕೂಸು… ಕೂಸು…” ಎಂದು ನನ್ನ ಕೈ ಬಿಗಿಯಾಗಿ ಹಿಡಿದಳು. ಯಾವ ಕೈ? ಅದೇ ಕೈ.

ಸಿಕ್ಕ ಸಿಕ್ಕ ಆಟೋದಲ್ಲಿ ಎಲ್ಲರನ್ನೂ ದವಾಖಾನೆಗೆ ಹೊತ್ತೆವು. ಅಶ್ವಿನಿಯನ್ನು ಸ್ಕ್ಯಾನಿಂಗಿಗೆ ಯಾದಗಿರಿಗೆ ಒಯ್ದರು. ಕೂಸಿಗೆ ಏನೂ ಆಗಿರಲಿಲ್ಲ, ಸಲೈನ್ ಹಚ್ಚಿದರು, ರಾತ್ರಿ ಹೊತ್ತಿಗೆ ಸುಧಾರಿಸಿದಳು. ನಾನೂ ಹೋಳಿಗೆ ತಿಂದವಳೇ, ನಡುನಡುವೆ ವಾಂತಿ ಮಾಡುತ್ತ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ.

ಮನೆಯ ದೊಡ್ಡವರಲ್ಲಿ ಗಟ್ಟಿಮುಟ್ಟಾಗಿ ನಿಂತಿದ್ದವರು ಭಾವ ಒಬ್ಬರೇ. ದವಾಖಾನೆ ಎಲ್ಲ ಕೇಳುವಂತೆ ಕೂಗಾಡಿದರು: “ಪಚಡಿ ಯಾರ ಕೈಲೆ ಮಾಡಿಸಿದ್ರಿ? ನಾ ಮೊದಲ ಬ್ಯಾಡ ಅಂದಿದ್ನಿಲ್ಲ? ಶಾಲಿ ಮಕ್ಕಳಿಗಿ ಏನೇನ್ ತಿನ್ನಸ್ತಾಳೋ ಆಕಿ!”

ಕೂಡಲೇ ನನಗೆ ಪೋಸ್ಟ್ ಹೊಳೆಯಿತು. ಹೆಸರು ಹಾಕಲಿಲ್ಲ. ಸೌಟಿನ ಆ ಸಾಲು, ಅದರ ಕೆಳಗೆ “ಶಾಲೆಯಲ್ಲಿ ಅಡುಗೆ ಮಾಡುವವರೇ ಹೀಗಾದರೆ ಮಕ್ಕಳ ಗತಿ ಏನು?” ಎಂದಷ್ಟೇ ಬರೆದೆ. ನಮ್ಮ ಓಣಿಗೆ ಅಷ್ಟು ಸಾಕಾಗಿತ್ತು.

ಸೋಮವಾರ ಬೆಳಿಗ್ಗೆ ಶಾಲೆಯ ಮುಂದೆ ಜನ. ಭಾವ ಶಾಲಾ ಸಮಿತಿಯ ಮೆಂಬರು. ಎಲ್ಲರಿಗೂ ಫೋನಿನಲ್ಲಿ ನನ್ನ ಪೋಸ್ಟ್ ತೋರಿಸುತ್ತಿದ್ದರು. ದೇವಮ್ಮನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದರು.

“ಕೈ ತೋರ್ಸು.”

ತೋರಿಸಿದಳು.

“ತಿರುವು.”

ತಿರುವಿದಳು. ಉಗುರು ಕತ್ತರಿಸಿಕೊಂಡಿದ್ದಳು. ಬೆರಳಿಗೆ ಅರಿಶಿನ ಅಂಟಿತ್ತು, ಅಷ್ಟೇ. ಆದರೂ ಹತ್ತು ಜನ ಬಗ್ಗಿ ಬಗ್ಗಿ ನೋಡಿದರು. “ನಾಕು ದಿನ ಮನ್ಯಾಗಿರು, ಆಮ್ಯಾಲ ನೋಡೂಣು” ಅಂದರು ಭಾವ. ನಾನು ಗೇಟಿನ ಬಳಿ ನಿಂತು ಇದನ್ನೆಲ್ಲ ನೋಡಿದೆ. ಬೆರಳು ಸೆರಗಿನೊಳಗಿತ್ತು.

ಎರಡು ದಿನ ಬಿಟ್ಟು ನೋವು ತಾಳದೆ ದವಾಖಾನೆಗೆ ಹೋದೆ. ಅವತ್ತು ನಮ್ಮವರಿಗೆ ಸಲೈನ್ ಹಚ್ಚಿದ ಡಾಕ್ಟರಮ್ಮನೇ ಇದ್ದರು, ಗುರುಮಠಕಲ್ ಕಡೆಯ ಚಿಕ್ಕ ವಯಸ್ಸಿನ ಹುಡುಗಿ. ಬೆರಳು ಕೊಯ್ದು ಕೀವು ತೆಗೆಯುತ್ತ ಕೇಳಿದರು.

“ಎಷ್ಟ್ ದಿನ ಆಯ್ತಮ್ಮ ಇದಕ್ಕ?”

“ಕುಬಸಕ್ಕಿಂತ ಮೊದ್ಲೇ ಆಗಿತ್ರಿ.”

ಅವರ ಕೈ ನಿಂತಿತು. “ಅವತ್ತು ಅಡಗಿ ಮಾಡಿದ್ರೇನು ನೀವು?”

“ಹೂರಣ ಅಷ್ಟ ರುಬ್ಬಿದ್ನಿ.”

“ಯಾವಾಗ ರುಬ್ಬಿದ್ರಿ? ಎಲ್ಲಿಟ್ಟಿದ್ರಿ?” ಹೇಳಿದೆ. ಅವರು ಮತ್ತೆ ಕೇಳಿದರು, “ವಾಂತಿ ಆಗಲಾರದವರು ಯಾರದಾರ?”

ಯೋಚಿಸಿದೆ. ಭಾವ. ಅವರಿಗೆ ಸಕ್ಕರೆ ಕಾಯಿಲೆ, ಹೋಳಿಗೆ ಮುಟ್ಟಿರಲಿಲ್ಲ. ರೊಟ್ಟಿ, ಅನ್ನ, ಎರಡು ತಾಟು ಪಚಡಿ ಹೊಡೆದಿದ್ದರು. ಬೆಲ್ಲ ಸೇರದ ಎರಡು ಮಕ್ಕಳು, ಅವೂ ಪಚಡಿ ಅನ್ನ ತಿಂದು ಆಡಿಕೊಂಡಿದ್ದವು. ಪಚಡಿ ಮಾಡಿ ಅದನ್ನೇ ಉಂಡು ಹೋದ ದೇವಮ್ಮ.

ಹೋಳಿಗೆ ಮುಟ್ಟದವರೂ ಇಷ್ಟೇ ಜನ.

“ಆದ್ರ ಹೋಳಗಿ ಬೆಂಕಿ ಮ್ಯಾಲ ಸುಟ್ಟೀವಲ್ರಿ ಡಾಕ್ಟರೇ? ಅಷ್ಟ್ ಕಾವಿಗಿ ಯಾವ ಹುಳ ಉಳೀತದ?”

“ಹುಳ ಸಾಯ್ತಾವಮ್ಮ. ಸಾಯೂ ಮೊದ್ಲು ಅವು ಉಗುಳಿಟ್ಟಿದ್ದು ಸಾಯಂಗಿಲ್ಲ.”

ರೋಗಾಣು ಅಂದರೆ ಮೈಯೊಳಗೆ ನುಗ್ಗಿ, ಮರಿ ಹಾಕಿ, ಆಮೇಲೆ ಕಾಯಿಲೆ ತರುತ್ತದೆ ಎಂದು ನಾವು ತಿಳಿದಿರುತ್ತೇವೆ. ಎಲ್ಲವೂ ಹಾಗಲ್ಲವಂತೆ. ಕೆಲವು ಬ್ಯಾಕ್ಟೀರಿಯಾ ಕೂತಲ್ಲೇ ಕೂತು ವಿಷ ತಯಾರಿಸುತ್ತವೆ, ಊರೆಲ್ಲ ಅಲೆಯುವ ಕೆಲಸ ಆ ವಿಷದ್ದು. ಗಂಟಲಮಾರಿಯ ಹುಳ ಗಂಟಲಲ್ಲೇ ಕೂತಿರುತ್ತದೆ, ಅದರ ವಿಷ ರಕ್ತದಲ್ಲಿ ಹರಿದು ಹೃದಯ ಹಿಡಿಯುತ್ತದೆ. ಧನುರ್ವಾಯುವಿನ ಹುಳ ಅಂಗಾಲಿನ ಮೊಳೆಗಾಯದಲ್ಲಿರುತ್ತದೆ, ಅದರ ವಿಷ ನರ ಹಿಡಿದು ಮೇಲೇರಿ ದವಡೆ ಕಚ್ಚಿಸುತ್ತದೆ, ಬೆನ್ನು ಬಿಲ್ಲಾಗಿಸುತ್ತದೆ. ಕಾಲರಾದ ವಿಷ ಕರುಳಿನ ನಲ್ಲಿಯನ್ನೇ ತೆರೆದಿಟ್ಟು ಮೈಯ ನೀರನ್ನೆಲ್ಲ ಸುರಿಸಿಬಿಡುತ್ತದೆ.

ನನ್ನ ಬೆರಳಿನ ಕೀವಿನಲ್ಲಿದ್ದಂಥ ಹುಳಕ್ಕೆ ಮೈಯೊಳಗೆ ಹೋಗುವ ತೊಂದರೆಯೂ ಬೇಡ. ಬೆಚ್ಚಗಿನ ಪಾತ್ರೆ, ಒಂದು ರಾತ್ರಿ ಸಾಕು. ಹೂರಣದಲ್ಲೇ ವಿಷ ಮಾಡಿಟ್ಟು ಅದು ತವದ ಮೇಲೆ ಸಾಯುತ್ತದೆ. ವಿಷ ಉಳಿದು, ಹೊಟ್ಟೆಯ ನರ ಕೆಣಕಿ, ‘ಹೊರಗೆ ಹಾಕು’ ಎಂದು ಮಿದುಳಿಗೆ ಹೇಳಿ ಕಳಿಸುತ್ತದೆ. ಸಿದ್ಧ ವಿಷ, ಅದಕ್ಕೇ ಮೂರು ತಾಸಿನಲ್ಲಿ ಎಲ್ಲರೂ ಮಲಗಿದ್ದು.

“ಹೂರಣ ಉಳದದೇನು? ಲ್ಯಾಬಿಗೆ ಕಳಸೂಣು.”

“ಚೆಲ್ಲೀವ್ರಿ.”

“ಹಂಗಾದ್ರ ನೂರಕ್ಕ ನೂರು ಹೇಳಾಕ ಬರಂಗಿಲ್ಲ. ಆದ್ರ ನನ್ನ ಕೇಳಿದ್ರ, ಅಮ್ಮ, ಪಚಡಿ ಮ್ಯಾಲ ಹಾಕಬ್ಯಾಡ್ರಿ.”

ನಾನು ಅವತ್ತೇ ಶಾಲೆಗೆ ಓಡಿದೆ ಎಂದುಕೊಂಡಿರಾ? ಇಲ್ಲ. ಎಂಟು ದಿನ ಸುಮ್ಮನಿದ್ದೆ. ‘ನೂರಕ್ಕೆ ನೂರು ಹೇಳಲು ಬರುವುದಿಲ್ಲ’ ಎಂಬ ಮಾತಿನ ನೆರಳಲ್ಲಿ ಹಾಯಾಗಿ ಕೂತಿದ್ದೆ. ದೇವಮ್ಮನ ವಿಷಯದಲ್ಲಿ ನೂರಕ್ಕೆ ನೂರು ಯಾರೂ ಕೇಳಿರಲಿಲ್ಲ ಎಂಬುದು ನೆನಪಾಗಲು ಎಂಟು ದಿನ ಬೇಕಾಯಿತು.

ಒಂಬತ್ತನೇ ದಿನ ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಆರಿಸುತ್ತಿದ್ದಳು. ಬಾಗಿಲ ಮೇಲೆ ಬುದ್ಧನ ಫೋಟೋ, ಎದುರಿಗೆ ನಮ್ಮೂರ ಮಲಗಿದ ಬುದ್ಧನ ಗುಡ್ಡ. ಕೂರಲು ಚಾಪೆ ಹಾಸಿದಳು. ನಿಂತೇ ಎಲ್ಲ ಹೇಳಿದೆ. ಬೆರಳು, ಕೀವು, ಡಾಕ್ಟರು.

ಅವಳು ಮೊರ ಕೊಡವಿದಳು. “ಗೊತ್ತದರಿ ನನಗ.”

“ಗೊತ್ತದ? ಹ್ಯಾಂಗ?”

“ನಮಗ ಟ್ರೇನಿಂಗಿನ್ಯಾಗ ಮೊದಲ ಹೇಳೂದೇ ಅದರಿ. ಕೈಗಿ ಗಾಯ ಇದ್ರ, ಕುರ ಇದ್ರ ಅಡಗಿ ಮುಟ್ಟಬ್ಯಾಡ್ರಿ, ಇನ್ನೊಬ್ಬಾಕಿಗಿ ಬಿಡ್ರಿ ಅಂತ. ಅದಕ್ಕ ಅವತ್ತು ಸರೀರಿ ಅಂದಿದ್ನಿ ನಿಮಗ.”

“ಮತ್ತ ಶಾಲಿ ಮುಂದ ಯಾಕ ಹೇಳಲಿಲ್ಲ ತಾಯಿ? ನಾ ಅಲ್ಲೇ ನಿಂತಿದ್ನಿ!”

“ಹೇಳಿದ್ರ, ತಾ ಸಿಕ್ಕೀನಂತ ಮನಿಯಾಕಿ ಮ್ಯಾಲ ತಪ್ಪು ಹಾಕ್ತಾಳ ನೋಡು ಅಂತಿದ್ರಿಲ್ಲೋ?” ನಕ್ಕಳು. ಆ ನಗು ನನಗೆ ಬೇಕಿರಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಅಕ್ಕಾರ, ನನಗ ಮಾಫಿ ಬ್ಯಾಡರಿ. ಆ ಶಾಲಿ ಒಲಿ ನನಗ ತಿರುಗಿ ಕೊಡಸ್ರಿ. ಹನ್ನೊಂದು ವರ್ಸ ಒಂದ್ ಕೂಸಿನ ಹೊಟ್ಟಿ ಸೈತ ನೋಯಿಸಿಲ್ಲ ನಾ.”

ಶಾಲೆಗೆ ಹೋದೆ. ಹೆಡ್‌ಮಾಸ್ತರ ಮುಂದೆ, ಭಾವನ ಮುಂದೆ ನನ್ನ ಬೆರಳಿನ ಕತೆ ಹೇಳಿದೆ.

ಭಾವ ಸಿಡುಕಿದರು. “ಡಾಕ್ಟರೇ ಪಕ್ಕಾ ಹೇಳಂಗಿಲ್ಲ ಅಂದಾರಲ್ಲ? ನಿನಗ್ಯಾಕವ್ವ ಮನಿ ಮಾನ ಬೀದಿಗಿ ಹಾಕೂ ಉಸಾಬರಿ?”

“ಭಾವಾರ, ಆಕಿ ಪಚಡಿ ನೀವು ಎರಡು ತಾಟು ತಿಂದಿದ್ರಿ. ನಿಮಗೇನಾತ್ರಿ?”

“ನನ್ನ ಹೊಟ್ಟಿ ಗಟ್ಟಿ ಅದ!”

(ಇದಕ್ಕೆ ಯಾವ ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಲಿ, ಹೇಳಿ?)

ಹೆಡ್‌ಮಾಸ್ತರು ಒಳ್ಳೆಯವರು, ಮೆತ್ತಗೆ ಹೇಳಿದರು: “ಮೇಡಮ್ಮಾರ, ನಿಮ್ಮ ಮಾತು ಖರೇನೇ ಇರಬಹುದ್ರಿ. ಆದ್ರ ನೀವು ಬರದದ್ದು ಎಲ್ಲಾರ ಫೋನಿನ್ಯಾಗ ಅದ. ಈಗ ಆಕಿನ್ನ ಕರದ್ರ ಮಕ್ಕಳು ತಾಟು ಬಿಟ್ಟು ಮನಿಗಿ ಹೋಗ್ತಾವ. ಬ್ಯಾರೇದಾಕಿಗಿ ಹೇಳೂದೂ ಆಗ್ಯಾದ.”

ಪೋಸ್ಟ್ ಡಿಲೀಟ್ ಮಾಡಿದೆ. ಆದರೆ ಅದರ ಸ್ಕ್ರೀನ್‌ಶಾಟು ಇವತ್ತು ಬೆಳಿಗ್ಗೆಯೂ ನಮ್ಮ ಓಣಿಯ ಗ್ರೂಪಿನಲ್ಲಿ ಬಂತು. ತಪ್ಪು ನನ್ನದು ಎಂದು ಬರೆದ ಎರಡನೇ ಪೋಸ್ಟಿಗೆ ಬೆರಳೆಣಿಕೆಯ ಲೈಕು. ಅದರ ಕೆಳಗಿನ ಮೊದಲ ಕಮೆಂಟು: “ಅಕ್ಕ, ನಿಮ್ಮದು ದೊಡ್ಡ ಮನಸ್ಸು.”

ಒಬ್ಬಳ ಒಲೆ ಆರಿಸಿದವಳಿಗೆ ದೊಡ್ಡ ಮನಸ್ಸು. ಹನ್ನೊಂದು ವರ್ಷ ಊರ ಮಕ್ಕಳಿಗೆ ಉಣ್ಣಿಸಿದವಳಿಗೆ ಕೊಳಕು ಕೈ. ಇದ್ಯಾವ ಕಾವಿಗೆ ಸಾಯುವ ವಿಷ, ಡಾಕ್ಟರಮ್ಮನನ್ನು ಕೇಳಬೇಕು.

ಅರ್ಜಿ ಬರೆದು ಮೇಲಿನ ಆಫೀಸಿಗೆ ಕೊಟ್ಟಿದ್ದೇನೆ, ಡಾಕ್ಟರಮ್ಮನ ಚೀಟಿಯನ್ನೂ ಹಚ್ಚಿದ್ದೇನೆ. ಎರಡು ಸಲ ಹೋಗಿ ಬಂದೆ. “ನೋಡೋಣ” ಅಂದಿದ್ದಾರೆ. ದೇವಮ್ಮ ಇನ್ನೂ ಕಟ್ಟೆಯ ಮೇಲೆ ತೊಗರಿ ಆರಿಸುತ್ತಿದ್ದಾಳೆ.

ನಿನ್ನೆ ನೆಗೆಣ್ಣಿ ಬಂದಿದ್ದರು. ಹೆರಿಗೆ ಹತ್ತಿರ ಬಂತು, ತೊಟ್ಟಿಲು ಕಾರ್ಯಕ್ಕೆ ಈಗಲೇ ಹೇಳಿಡುತ್ತೇನೆ ಎಂದರು: “ಹೂರಣ ನೀನೇ ರುಬ್ಬಬೇಕು ನೋಡವ್ವ. ನಿನ್ನ ಕೈಗುಣ ಬ್ಯಾರೆ ಯಾರಿಗೂ ಬರಂಗಿಲ್ಲ.”

ಅವತ್ತು ಶಾಲೆಯ ಮುಂದೆ ದೇವಮ್ಮನ ಕೈ ಬಗ್ಗಿ ಬಗ್ಗಿ ನೋಡಿದ ಅಷ್ಟೂ ಜನಕ್ಕೆ ನನ್ನ ಕತೆ ಹೇಳಿ ಮುಗಿಸಿದ್ದೇನೆ. ಒಬ್ಬರಾದರೂ ಇವತ್ತಿನವರೆಗೆ ನನಗೆ “ಕೈ ತೋರ್ಸು” ಅಂದಿದ್ದಾರೆಯೇ?