ನಡಾವಳಿ ಬರೆದವಳು

ಸ್ವೀಡನ್ನಿನ ಕಿಸ್ಟಾದ ಆಫೀಸಿನಲ್ಲಿ ನನ್ನ ಕೆಲಸ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು. ಎರಡು ಸಾವಿರದ ದಶಕದ ನಡುವಿನ ಆ ವರ್ಷಗಳಲ್ಲಿ ನಾನೇ ಮಾಡಿದ ತಪ್ಪೊಂದು ಮಾತ್ರ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿತ್ತು.

ವಲಸೆ ಬಂದವರಿಗೆ ಸ್ವೀಡಿಷ್ ಕಲಿಸುವ ಸಂಜೆ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಆಫ್ರಿಕಾದ ಒಂದು ದೇಶದವಳು. ಅವಳ ಹೆಸರನ್ನೂ ದೇಶದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಅಲ್ಲಿ ವಕೀಲೆಯಾಗಿದ್ದವಳು ಇಲ್ಲಿ ಆಸ್ಪತ್ರೆಯೊಂದರ ನೆಲ ಒರೆಸುತ್ತಿದ್ದಳು. ಇಬ್ಬರ ಮನೆಯೂ ಸುಂಡ್‌ಬೀಬರ್ಯ್ ಎಂಬ ಬಡಾವಣೆಯಲ್ಲಿ, ಎರಡು ಕಟ್ಟಡಗಳ ಅಂತರ. ದಿನವೂ ಒಟ್ಟಿಗೇ ರೈಲಿನಲ್ಲಿ ಮರಳುತ್ತಿದ್ದೆವು. ಅರ್ಧ ಇಂಗ್ಲಿಷ್, ಅರ್ಧ ಸ್ವೀಡಿಷ್ ನಮ್ಮ ಮಾತು. "ನೀನು ಬಾಗಿಲಿಗೆ ಡಿಕ್ಕಿ ಹೊಡೆದರೆ ಬಾಗಿಲಿಗೂ ಸಾರಿ ಹೇಳ್ತೀಯ" ಎಂದು ರೇಗಿಸಿ ಇಡೀ ಬೋಗಿ ತಿರುಗಿ ನೋಡುವಂತೆ ನಗುತ್ತಿದ್ದಳು. ಊರಿನಲ್ಲಿ ಶಾಲಾ ಮೇಷ್ಟರಾಗಿದ್ದ ತಮ್ಮನ ಕಥೆಗಳನ್ನೆಲ್ಲ ಅವಳು ಹೇಳಿದ್ದು ಆ ರೈಲಿನಲ್ಲೇ.

ಶನಿವಾರ ಮಧ್ಯಾಹ್ನ ನಮ್ಮ ಕಟ್ಟಡದ ನೆಲಮಾಳಿಗೆಯ ಹಾಲ್‌ನಲ್ಲಿ ಅವಳ ದೇಶದವರು ಸೇರಿ ಮಾನವ ಹಕ್ಕುಗಳ ಬಗ್ಗೆ ಇಂಗ್ಲಿಷಿನಲ್ಲೇ ಚರ್ಚೆ ನಡೆಸುತ್ತಿದ್ದರು. ಮೊದಲು ದೇಶ ನಿಲ್ಲಲಿ, ಹಕ್ಕುಗಳು ಆಮೇಲೆ ಎನ್ನುವುದು ಒಂದು ಗುಂಪು. ಜನರೇ ಕಾಣೆಯಾಗುತ್ತಿದ್ದರೆ ದೇಶ ನಿಲ್ಲುವುದು ಯಾರಿಗಾಗಿ ಎನ್ನುವುದು ಇನ್ನೊಂದು. ಅವಳ ಜೊತೆ ಹೋಗಿ ಮೊದಲ ಸಲ ಕೇಳಿದಾಗ ಕೈಕೈ ಮಿಲಾಯಿಸುತ್ತಾರೆಂದೇ ಹೆದರಿದ್ದೆ. ಮೂರು ಗಂಟೆಗೆ ಸರಿಯಾಗಿ ಕಾಫಿ, ದಾಲ್ಚಿನ್ನಿ ಬನ್ನು ಬಂದವು. ಕೂಗಾಡಿದವರೇ ಒಬ್ಬರಿಗೊಬ್ಬರು ಸಕ್ಕರೆ ಡಬ್ಬಿ ದಾಟಿಸಿದರು. ಸರ್ಕಾರದ ಪರ ಮಾತಾಡುತ್ತಿದ್ದ ಕಂದು ಕೋಟಿನ ಹಿರಿಯರದ್ದು ಎಲ್ಲರಿಗಿಂತ ಮೆದು ದನಿ.

"ನೀವು ಇಂಡಿಯಾದವರಿಗೆ ಕಂಪ್ಯೂಟರ್ ನೀರು ಕುಡಿದ ಹಾಗೆ. ನಮಗೊಂದು ವೆಬ್‌ಸೈಟ್ ಮಾಡಿಕೊಡು" ಎಂದಳು ಗೆಳತಿ. ನಾನು ಉಬ್ಬಿಹೋದೆ. ಸೈಟಿನ ಜೊತೆಗೆ ಪ್ರತಿ ಸಭೆಯ ನಡಾವಳಿಯನ್ನೂ ಬರೆದು ಹಾಕತೊಡಗಿದೆ.

"ವಾರವೆಲ್ಲ ಆಫೀಸ್‌ ಮೀಟಿಂಗು, ಶನಿವಾರ ಇನ್ಯಾರ್ದೋ ದೇಶದ್ದಾ?" ಎಂದು ನಕ್ಕ ಗಂಡ. "ಮಿನಿಟ್ಸ್ ಬರೀದಿದ್ರೆ ನಿಂಗೆ ಊಟ ಸೇರಲ್ವಾ?"

ನಿಜಕ್ಕೂ ಸೇರುತ್ತಿರಲಿಲ್ಲ. ಯಾರು ಏನೆಂದರು, ಎದುರಿಗೆ ಅವರ ಹೆಸರು, ಒಂದು ಕಾಲಮ್ಮೂ ಖಾಲಿ ಇರಬಾರದು: ಬೆಂಗಳೂರಿನ ಕಂಪನಿ ನನ್ನ ತಲೆಗೆ ತುಂಬಿ ಕಳಿಸಿದ್ದು ಇದನ್ನೇ. ಸ್ವೀಡನ್ನಿನವರಿಗೂ ನಡಾವಳಿಯೆಂದರೆ ಪ್ರಾಣ. "ನನ್ನ ವಾದವನ್ನು ನನಗಿಂತ ಚೆನ್ನಾಗಿ ಬರೆದಿದ್ದೀರಿ" ಎಂದು ಕಂದು ಕೋಟಿನವರೂ ಮೆಚ್ಚಿದ್ದರು. ಗೆಳತಿಯ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಅವಳು ಓದುತ್ತಿರಲಿಲ್ಲ.

ಒಂದು ಶನಿವಾರ ಅವಳು ಸಭೆಯಲ್ಲಿ ಕಾಗದವೊಂದನ್ನು ಓದಿದಳು. ಅದನ್ನು ಬರೆದ ಮೇಷ್ಟರ ತರಗತಿಯಿಂದ ಮೂವರು ವಿದ್ಯಾರ್ಥಿಗಳನ್ನು ಪೊಲೀಸರು ಎಳೆದೊಯ್ದಿದ್ದರು. ಠಾಣೆಗೆ ಹೋಗಿ ಕೇಳಿದ್ದಕ್ಕೆ ಮತ್ತೆ ಕೇಳಬೇಡ ಎಂದಿದ್ದರು. ಬರೆದವರು ಯಾರೆಂದು ಸಭೆಯಲ್ಲಿ ಒಬ್ಬರು ಕೇಳಿದಾಗ "ನನ್ನ ತಮ್ಮ" ಎಂದಷ್ಟೇ ಹೇಳಿದಳು. ಭಾನುವಾರ ನಡಾವಳಿ ಬರೆಯಲು ಕೂತಾಗ ಹೆಸರಿನ ಕಾಲಮ್ ಖಾಲಿ ಉಳಿಯಿತು. ಹೆಸರು ನನಗೆ ಗೊತ್ತಿತ್ತಲ್ಲ! ತುಂಬಿದೆ. ಊರು, ಶಾಲೆ ಕೂಡ.

ಮೂರು ವಾರದ ನಂತರ ಅವಳು ತರಗತಿಗೆ ಬರಲಿಲ್ಲ. ಮನೆಗೆ ಹೋದರೆ ಅಡುಗೆಮನೆಯ ನೆಲದ ಮೇಲೆ ಫೋನ್ ಹಿಡಿದು ಕೂತಿದ್ದಳು. ತಮ್ಮನನ್ನು ಶಾಲೆಯ ಗೇಟಿನಲ್ಲೇ ಹಿಡಿದೊಯ್ದಿದ್ದರು. ಆಮೇಲೆ ಮನೆಗೆ ಬಂದು ತಾಯಿಗೆ, "ಮಗ ಪಾಠ ಮಾಡಬೇಕಿತ್ತು, ಕಾಗದ ಬರೆಯಬಾರದಿತ್ತು" ಎಂದು ಹೇಳಿಹೋಗಿದ್ದರಂತೆ.

"ಕಾಗದ ಓದಿದ್ದು ಆ ಹಾಲ್‌ನಲ್ಲಿ ಮಾತ್ರ" ಎಂದಳು ಅವಳು.

ಮುಂದಿನ ಶನಿವಾರ ಎಲ್ಲರೆದುರು ಕಂದು ಕೋಟಿನವರತ್ತ ಬೆರಳು ತೋರಿದಳು. "ನೀನೇ ಹೇಳಿದ್ದು." ಆ ಹಿರಿಯರು ಸಾಕ್ಷಿ ಹೇಳೆಂಬಂತೆ ಎಲ್ಲವನ್ನೂ ಬರೆದಿಡುವ ನನ್ನತ್ತ ನೋಡಿದರು. ನಾನು ಮುಖ ತಿರುಗಿಸಿದೆ. ಅವರೇ ಎಂದು ನಾನೂ ನಂಬಿದ್ದೆ. ಅವರು ತಮ್ಮ ಕಾಫಿ ಥರ್ಮಾಸ್ ಎತ್ತಿಕೊಂಡು ಹೊರಟುಹೋದರು, ಮತ್ತೆ ಬರಲೇ ಇಲ್ಲ. ಮನೆ ಬದಲಾಯಿಸಿದರಂತೆ. ಕ್ಷಮೆ ಕೇಳುವ ಅವಕಾಶ ನನಗೆ ಇಂದಿಗೂ ಸಿಕ್ಕಿಲ್ಲ.

ಸೋಮವಾರ ಆಫೀಸಿನಲ್ಲಿ ಊಟದ ಹೊತ್ತಿಗೆ, ಅಭ್ಯಾಸಬಲದಿಂದ, ಸೈಟನ್ನು ಯಾರು ಎಲ್ಲಿಂದ ನೋಡಿದ್ದಾರೆಂಬ ದಾಖಲೆ ತೆರೆದೆ. ಉಳಿದ ಪುಟಗಳನ್ನು ನೋಡಿದವರು ನಮ್ಮ ಹತ್ತು ಹನ್ನೆರಡು ಮಂದಿ. ಕಾಗದದ ವಿಷಯವಿದ್ದ ಆ ಒಂದು ಪುಟವನ್ನು ಮಾತ್ರ ಅವಳ ದೇಶದಿಂದ ಮತ್ತೆ ಮತ್ತೆ ತೆರೆದಿದ್ದರು, ತಮ್ಮನನ್ನು ಹಿಡಿಯುವ ಹಿಂದಿನ ದಿನದವರೆಗೆ. ಪುಟ ತೆರೆದೆ. ಹೆಸರು, ಊರು, ಶಾಲೆ, ಒಂದೂ ತಪ್ಪಿಲ್ಲದೆ, ದಪ್ಪಕ್ಷರದಲ್ಲಿ. ಕೂಡಲೇ ಪುಟವನ್ನು ಅಳಿಸಿದೆ.

"ಹೇಳ್ಬೇಡ ಕಣೇ" ಎಂದ ಗಂಡ ಫೋನಿನಲ್ಲಿ. ಈ ಸಲ ಅವನ ದನಿಯಲ್ಲಿ ನಗುವಿರಲಿಲ್ಲ. "ಈಗ ಹೇಳಿ ಏನ್ ಯೂಸು? ಅವ್ಳು ಮತ್ತೆ ನಿನ್ನ ಮುಖ ನೋಡಲ್ಲ."

ಸಂಜೆ ಗೆಳತಿಯ ಮನೆಗೆ ಹೋಗಿ ಹೇಳಿದೆ. ನಿಂತೇ ಹೇಳಿದೆ, ಕೂರುವ ಧೈರ್ಯವಿರಲಿಲ್ಲ.

"ಗೆಳತಿ ಅಂತ ನಿನಗೆ ಅವನ ಹೆಸರು ಹೇಳಿದ್ದೆ" ಎಂದಳು.

ನನಗೆ ಅಳು ಒತ್ತರಿಸಿ ಬಂತು. "ಅಳಬೇಡ. ಅದು ನಿನ್ನ ಸರದಿಯಲ್ಲ" ಎಂದಳು. ಆಮೇಲೆ, "ಆ ಪುಟ ಎಲ್ಲಿ?" ಎಂದು ಕೇಳಿದಳು.

"ಅಳಿಸಿಬಿಟ್ಟೆ" ಎಂದೆ, ಅಷ್ಟಾದರೂ ಸರಿ ಮಾಡಿದೆ ಎಂಬ ಆಸೆಯಿಂದ.

ಅವಳು ಕುರ್ಚಿ ತಳ್ಳಿ ಎದ್ದಳು. "ಯಾರನ್ನು ಕೇಳಿ ಅಳಿಸಿದೆ? ಅವನು ಹೊರಗಿರುವಾಗ ಹೆಸರು ಮುಚ್ಚಿಡಬೇಕಿತ್ತು. ಈಗ ಒಳಗಿದ್ದಾನೆ. ಅಂಥವನೊಬ್ಬ ಇದ್ದನೆಂದೇ ಯಾರಿಗೂ ಗೊತ್ತಿಲ್ಲದಿದ್ದರೆ ಕೊಂದು ಹೂತರೂ ಕೇಳುವವರಿಲ್ಲ. ಮತ್ತೆ ಹಾಕು!"

ಬೆಚ್ಚಿಬಿದ್ದೆ. ಚೀಲದಲ್ಲಿ ಆಫೀಸಿನ ಲ್ಯಾಪ್‌ಟಾಪ್ ಇತ್ತು, ಅದಕ್ಕೆ ಇಂಟರ್ನೆಟ್ ಕೊಡುವ ಮೊಬೈಲ್ ಕಾರ್ಡೂ ಇತ್ತು. ಅವಳು ಗೋಡೆಯ ಮೇಲಿದ್ದ ಫೋಟೊ ಬಿಚ್ಚಿ ತಂದಳು. ತಮ್ಮನದೂ ಅವಳದೇ ದೊಡ್ಡ ನಗು. ನನ್ನ ಫೋನಿನ ಕ್ಯಾಮೆರಾದಲ್ಲಿ ಅದನ್ನು ತೆಗೆದು ಪುಟಕ್ಕೆ ಹಾಕಿದೆ. ಅವಳು ಹೇಳುತ್ತಾ ಹೋದಳು, ನಾನು ಬರೆದೆ. ಹೆಸರು. ವಯಸ್ಸು. ಊರು. ಶಾಲೆ. "ಭೂಗೋಳ ಕಲಿಸುತ್ತಾನೆ ಅಂತ ಬರಿ." ಬರೆದೆ.

ಪ್ರಕಟಿಸುವ ಬಟನ್ ಬಳಿ ನನ್ನ ಬೆರಳು ನಿಂತುಬಿಟ್ಟಿತು. ಅವಳು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ತಾನೇ ಒತ್ತಿದಳು.