ಐಲಿ ತೂಗಿಸಿದ ಮೀನುಮನೆ

ನಮ್ಮ ಕೆರೆದಂಡೆಯಲ್ಲಿ ವೈನೋ ಹಾಲ್ಮೆಯಷ್ಟು ಗಟ್ಟಿಯಾಗಿ ನಗುವವನೂ ಇಲ್ಲ, ಅವನಷ್ಟು ಮೊಂಡನೂ ಇಲ್ಲ. ಕಬ್ಬಿಣದ ಗಣಿಯ ಕೆಲಸದಿಂದ ನಿವೃತ್ತನಾದ ಮಾರನೆಯ ದಿನವೇ ನನ್ನ ಅಂಗಡಿಗೆ ನುಗ್ಗಿದ. ನಾನು ಗಾಳಕ್ಕೆ ಸಿಕ್ಕಿಸುವ ಮರಿಮೀನು ಮಾರುವವಳು. ಕೌಂಟರಿನ ಮೇಲೆ ಎರಡೂ ಅಂಗೈ ಬಡಿದು, "ಹೆಲ್ಮಿ, ಅವಳು ಒಪ್ಪಿದ್ಲು ಕಣೇ!" ಎಂದು ಕೂಗಿದ. ತೊಟ್ಟಿಯಲ್ಲಿದ್ದ ಮೀನೆಲ್ಲ ಬೆದರಿ ಒಂದೇ ಮೂಲೆಗೆ ಸರಿದವು.

ಅವಳೆಂದರೆ ಐಲಿ, ಅವನ ಹೆಂಡತಿ. ಒಪ್ಪಿದ್ದು ಏನನ್ನು ಎಂದು ನಾನು ಕೇಳಬೇಕಿರಲಿಲ್ಲ. ಐಲಿಗೆ ಹತ್ತೊಂಬತ್ತಾಗಿದ್ದಾಗ ಅವಳ ಅಣ್ಣ ಎಯ್ನೋ ಡಿಸೆಂಬರಿನಲ್ಲಿ ಕೆರೆಯ ಎಳೆ ಮಂಜುಗಡ್ಡೆಯ ಮೇಲೆ ಗಾಡಿ ಓಡಿಸಿಕೊಂಡು ಹೋಗಿ, ಗಾಡಿಯ ಸಮೇತ ಮುಳುಗಿಹೋದ. ಅಂದಿನಿಂದ ಅವಳು ಗಡ್ಡೆಯ ಮೇಲೆ ಒಂದು ಹೆಜ್ಜೆ ಇಟ್ಟವಳಲ್ಲ. ಚಳಿಗಾಲದಲ್ಲಿ ಕೆರೆಯ ಗಡ್ಡೆ ಬಿರಿದು ಗುಡುಗಿದರೆ ರೇಡಿಯೋದ ಸದ್ದು ಏರಿಸುವಳು. ಊರಿನ ಹೆಂಗಸರು ಮಕ್ಕಳಾದಿಯಾಗಿ ಎಲ್ಲರೂ ಜನವರಿ ಪೂರ್ತಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನುಮನೆ ನಿಲ್ಲಿಸಿ, ಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾ ಅಲ್ಲೇ ಬದುಕುವಾಗ ಈಕೆ ಮಾತ್ರ ದಂಡೆಯ ಮನೆಯಲ್ಲಿ ಏಲಕ್ಕಿ ರೊಟ್ಟಿ ಸುಡುತ್ತಾ ಕೂತಿರುವಳು.

"ಒಂದು ಮಾತು ಹೇಳಿದ್ದಾಳೆ," ಎಂದ ವೈನೋ. "ಮನೆ ಅನ್ನಿಸೋ ಹಾಗೆ ಕಟ್ಟು, ಬರ್ತೀನಿ. ಈ ಚಳಿಗಾಲ ಒಂದೇ. ತಪ್ಪಿದ್ರೆ ಮತ್ತೆ ಆ ಸುದ್ದಿ ಎತ್ತಬಾರ್ದು ಅಂತ."

"ಅಲ್ಲಪ್ಪಾ, ಕರ್ಕೊಂಡು ಹೋಗಿ ಏನು ತೋರಿಸ್ತೀಯ? ನಾಲ್ಕು ಗೋಡೆ, ಒಂದು ತೂತು."

"ಆ ತೂತನ್ನೇ ತೋರಿಸ್ಬೇಕು," ಎಂದ. ಅವನ ಬದುಕಿನ ಅರ್ಧ ಆ ಗಡ್ಡೆಯ ಮೇಲೆ ಕಳೆದಿದೆ, ಆ ಅರ್ಧವನ್ನು ಹೆಂಡತಿ ಕಂಡೇ ಇಲ್ಲ. ಫೆಬ್ರವರಿ ಮುಗಿದರೆ ವಾಲೈ ಮೀನು ಹಿಡಿಯುವ ಕಾಲ ಮುಗಿಯಿತು. ಅಷ್ಟರೊಳಗೆ ಮೀನುಮನೆ ಎದ್ದು ನಿಲ್ಲಬೇಕು.

ಬೆಸುಗೆ ಕೆಲಸದ ಕ್ಲಿಫರ್ಡನ ಕೊಟ್ಟಿಗೆಯಲ್ಲಿ ಕೆಲಸ ಶುರುವಾಯಿತು. ಆಹಾ, ಆ ದಿನಗಳೇ! ಅಂಗಡಿ ಮುಚ್ಚಿದವಳು ನೇರ ಅಲ್ಲಿಗೇ ಓಡುತ್ತಿದ್ದೆ. ಉಕ್ಕಿನ ಚೌಕಟ್ಟು, ಅದರ ಎರಡು ಪಕ್ಕಕ್ಕೆ ಚಕ್ರ. ಹಿಡಿಕೆ ತಿರುಗಿಸಿದರೆ ಚಕ್ರ ಮೇಲೇರಿ, ಮನೆ ಕಾವಿಗೆ ಕೂತ ಕೋಳಿಯ ಹಾಗೆ ಗಡ್ಡೆಯ ಮೇಲೆ ತಳವೂರಿ ಕೂರಬೇಕು. ಕ್ಲಿಫರ್ಡ್ ಮೊದಲ ಸಲ ಅದನ್ನು ಇಳಿಸಿ ಏರಿಸಿ ತೋರಿಸಿದಾಗ ನಾನೂ ವೈನೋನೂ ಚಪ್ಪಾಳೆ ತಟ್ಟಿದೆವು. ನೆಲಕ್ಕೆ ನಾಲ್ಕು ದುಂಡು ತೂತು ಕೊರೆದು ಮುಚ್ಚಳ ಕೂರಿಸಿದರು. ಪ್ರತಿ ತೂತಿನ ಮೇಲೆ ಗೋಡೆಗೆ ಒಂದು ದಾರದ ರಾಟೆ, ರಾಟೆಗೊಂದು ಗಂಟೆ: ಮೀನು ಎಳೆದರೆ ಕಿಣಿಕಿಣಿ.

ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ನಮ್ಮಲ್ಲಿ ಯಾರಾದರೂ ಮೀನುಮನೆ ಕಟ್ಟುತ್ತಾರೆಂದರೆ ಪ್ರತಿ ಮನೆಯಿಂದಲೂ ಒಂದು ಸಾಮಾನು ಹೋಗಲೇಬೇಕು. ಈ ಸಲ ಐಲಿಗೆ ಅಂತ ಗೊತ್ತಾಗಿ ಊರಿಗೆ ಊರೇ ಹುಚ್ಚೆದ್ದಿತು. ಕ್ಲಿಫರ್ಡ್ ಎರಕದ ಒಲೆ ಕೊಟ್ಟ. ಚರ್ಚಿನ ಹಾಡುಗಾರ್ತಿಯರು ಓಕ್ ಮರದ ಕಪಾಟು ಹೊರಿಸಿ ತಂದರು. ಯಾರೋ ರೊಟ್ಟಿ ಸುಡುವ ಓವನ್ ಇಳಿಸಿ ಹೋದರು. ನಾನೇನು ಕಡಿಮೆಯೇ? ನಮ್ಮಮ್ಮನ ಕಾಲದ ಕಬ್ಬಿಣದ ಸಿಂಕ್ ಕೊಟ್ಟೆ. ವೈನೋ ಗೋಡೆಗೆ ದಪ್ಪ ಪೈನ್ ಹಲಗೆ ಹೊಡೆದ, ಅಟ್ಟಮಂಚ ಹಾಕಿದ, ಐಲಿಗೆ ಇಷ್ಟವೆಂದು ಕಲ್ಲಿನ ಮೇಜುಹಾಸು ತಂದ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ನಮಗೆ ಹುಲ್ಲುಕಡ್ಡಿಯಷ್ಟೇ ಕಾಣುತ್ತಿತ್ತು.

ಫೆಬ್ರವರಿಯ ಮೊದಲ ಭಾನುವಾರ ಐಲಿ ನೋಡಲು ಬಂದಳು. ಕೊಟ್ಟಿಗೆಯ ತುಂಬ ಜನ. ಆಕೆ ಏಲಕ್ಕಿ ರೊಟ್ಟಿಯ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡೇ ಒಳಹೊಕ್ಕು ಕಪಾಟು ತೆರೆದಳು, ಓವನ್ನಿನೊಳಗೆ ಇಣುಕಿದಳು, ಮಂಚದ ಮೇಲೆ ಕೂತು ಎದ್ದಳು.

"ಚೆನ್ನಾಗಿದೆ," ಎಂದಳು.

ವೈನೋನ ಮುಖ ಊರಗಲ ಆಯಿತು.

"ಎಷ್ಟು ತೂಕ?" ಎಂದು ಕೇಳಿದಳು ಐಲಿ.

ಕ್ಲಿಫರ್ಡ್ ತನ್ನ ಬೂಟು ನೋಡಿಕೊಂಡ. ಹಿಂದಿನಿಂದ ಯಾರೋ ನಗೆಯಾಡಿದರು: "ತೂಕ ಕಟ್ಕೊಂಡು ನಿನಗೇನಾಗ್ಬೇಕು ಐಲಿ? ಎಳೆಯೋದು ಗಾಡಿ ತಾನೆ, ನೀನಲ್ಲವಲ್ಲ!"

"ಎಳೆಯೋದು ಗಾಡಿ," ಎಂದಳು ಐಲಿ. "ಹೊರೋದು ಕೆರೆ."

ಮನೆಯನ್ನು ಗಾಡಿಯ ಹಿಂದೆ ಸಿಕ್ಕಿಸಿ, ಜಲ್ಲಿ ಕ್ವಾರಿಯಲ್ಲಿ ಲಾರಿ ತೂಗುವ ತೂಕದ ಕಟ್ಟೆಗೆ ಎಳೆದೊಯ್ದೆವು. ಮನೆಯೊಂದೇ ಮೂರು ಟನ್. ಗಾಡಿಯ ತೂಕ ಬೇರೆ. ಆ ವರ್ಷ ಹಿಮ ಬೇಗ ಬಿದ್ದು ಕೆರೆಗೆ ಕಂಬಳಿ ಹೊದಿಸಿಬಿಟ್ಟಿತ್ತು, ಗಡ್ಡೆ ದಪ್ಪಗಾಗಲೇ ಇಲ್ಲ. ಬರೀ ಒಂದೂಕಾಲು ಅಡಿ. ನನ್ನ ಅಂಗಡಿಯ ಬಾಗಿಲಲ್ಲಿ ದಿನಾ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದವಳು ನಾನೇ, ದಿನಾ ಓದುತ್ತಿದ್ದವರು ಅವರೇ. ಸಣ್ಣ ಡೇರೆಯಲ್ಲಿ ಕೂತು ಮೀನು ಹಿಡಿಯಲು ಅದು ಧಾರಾಳ, ಲಘು ಗಾಡಿಗೂ ಸಾಕು. ಈ ಅರಮನೆಗೆ ಸಾಲದು.

ವೈನೋ ನನ್ನ ಅಂಗಡಿಗೆ ಬಂದು ಟೋಪಿ ತೆಗೆದು ಕುಕ್ಕರಿಸಿದ. "ಅವಳಿಗೆ ಹೆದರಿಕೆ ಹೋಗ್ಲಿ ಅಂತ ಒಂದೊಂದೇ ತಂದಿಟ್ಟೆ ಹೆಲ್ಮಿ. ತಂದಿಟ್ಟಿದ್ದೆಲ್ಲ ಅವಳು ಹೆದರೋ ಕಡೆಗೇ ತೂಗ್ತು. ಮುಗೀತು. ಇನ್ನು ಬರಲ್ಲ ಅವಳು."

ನಾನು ಕಾಫಿ ಬಗ್ಗಿಸಿಕೊಟ್ಟೆ. ಸಮಾಧಾನ ಹೇಳುವುದು ನನಗೆ ಮೊದಲೇ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಕ್ಲಿಫರ್ಡನ ಫೋನು: "ಬೇಗ ಬಾ ಮಾರಾಯ್ತಿ, ಐಲಿಗೇನೋ ಆಗಿದೆ!" ಓಡಿದೆ. ವೈನೋ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. ಒಳಗೆ ಐಲಿ ಗಂಡನ ದೊಗಳೆ ಅಂಗಿ ತೊಟ್ಟು, ಹಾರೆ ಹಾಕಿ ಪೈನ್ ಹಲಗೆ ಮೀಟುತ್ತಿದ್ದಳು. ಓವನ್ ಆಗಲೇ ಹೊರಗೆ ಹಿಮದಲ್ಲಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

"ಮನೆ ಅನ್ನಿಸೋ ಹಾಗೆ ಕಟ್ಟು ಅಂದೆ," ಎಂದಳು ಹಲಗೆ ಎಸೆಯುತ್ತಾ. "ಮನೆಯಷ್ಟು ಭಾರ ಇರ್ಲಿ ಅಂದೆನಾ? ಈ ಸಿಂಕ್ ಯಾರದ್ದು?"

"ನಂದು," ಎಂದೆ.

"ಹಿಡ್ಕೋ ಆ ಕಡೆ. ಸುಮ್ನೆ ನಿಂತ್ರೆ ನಿನ್ನನ್ನೂ ತೂಗಿಸ್ತೀನಿ."

"ಐಲಿ," ಎಂದ ವೈನೋ, ಮಾತು ತಡವರಿಸಿ, "ಅಂದ್ರೆ ನೀನು ಬರ್ತೀಯಾ?"

"ಬರದೆ ಇರೋಳು ಇಷ್ಟು ಬೆವರು ಸುರಿಸ್ತಾಳಾ? ಹಾರೆ ತಗೋ ಮಾರಾಯ!"

ಅಲ್ಲಿಂದ ಹಿಡಿದ ಹುಚ್ಚು ನೋಡಿ! ಕಲ್ಲಿನ ಹಾಸು ಹೋಯಿತು, ಅಟ್ಟಮಂಚದ ಜಾಗಕ್ಕೆ ಕ್ಯಾನ್ವಾಸಿನ ಮಡಿಸುವ ಮಂಚ ಬಂತು, ಎರಕದ ಒಲೆಗೆ ಬದಲು ಅಂಗೈಯಗಲದ ತಗಡಿನ ಒಲೆ. ದಪ್ಪ ಹಲಗೆ ಕಿತ್ತು, ಚಳಿ ತಡೆಯುವ ಹಗುರ ಫೋಮ್ ಹಾಳೆ ಅಂಟಿಸಿ ತೆಳು ಪ್ಲೈವುಡ್ ಹೊಡೆದರು. ಹಾಡುಗಾರ್ತಿಯರು ಕಪಾಟಿಗಾಗಿ ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ತಾವೇ ಬಟ್ಟೆಯ ಚೀಲಗಳನ್ನು ಹೊಲಿದು ಗೋಡೆಗೆ ತೂಗುಹಾಕಿದರು. ಐಲಿ ಮತ್ತೆ ಮತ್ತೆ ಮನೆಯನ್ನು ತೂಕದ ಕಟ್ಟೆಗೆ ಎಳೆಸಿದಳು. ಮುಳ್ಳು ಕೆಳಗಿಳಿದಾಗಲೆಲ್ಲ ಹುಡುಗಿಯ ಹಾಗೆ ಎರಡೂ ಕೈ ಎತ್ತಿ ಕೂಗುತ್ತಿದ್ದಳು. ಕ್ವಾರಿಯವರು ಅವಳು ಬಂದರೆ ಕೆಲಸ ಬಿಟ್ಟು ನೋಡಲು ನಿಲ್ಲುತ್ತಿದ್ದರು.

ಕೊನೆಗೆ ಕಿಟಕಿಗಳ ಪರದೆಗೆ ಕೈಹಾಕಿದಳು. ಕಂಬಳಿಯಂಥ ದಪ್ಪನೆಯ ಕಪ್ಪು ಬಟ್ಟೆ. "ಇದ್ಯಾಕೆ, ಹೆಣದ ಮನೆ ಹಾಗೆ?"

ವೈನೋ ಅವಳ ಕೈ ಹಿಡಿದ. "ಇದೊಂದು ಬಿಡು ಐಲಿ. ನಿನ್ನ ದಮ್ಮಯ್ಯ. ಬೇಕಾದ್ರೆ ನನ್ನ ಮಂಚ ಕಿತ್ತು ಹಾಕು."

ಅವಳು ಪರದೆಯನ್ನು ಅಂಗೈಯಲ್ಲಿ ತೂಗಿ ನೋಡಿದಳು, ಗಂಡನ ಮುಖ ನೋಡಿದಳು, ಬಿಟ್ಟಳು. ಅವನು ನಿಜವಾಗಿಯೂ ತನ್ನ ಮಂಚ ಕಿತ್ತು ಹಾಕಿದ.

ತೂಕ ಅರ್ಧಕ್ಕಿಳಿದಿತ್ತು, ಇಷ್ಟನ್ನು ಕೆರೆ ಹೊರಬಲ್ಲದು. ಋತುವಿನ ಕೊನೆಯ ಶನಿವಾರ, ಬಿಸಿಲು ಕಣ್ಣು ಕುಕ್ಕುವಂತಿತ್ತು. ಗಡ್ಡೆಯ ದಾರಿಗೆ ಇಳಿಯುವ ಮೊದಲು ನಮ್ಮವರು ಸೀಟಿನ ಪಟ್ಟಿ ಬಿಚ್ಚಿ ಕಿಟಕಿಗಳನ್ನು ಪೂರ್ತಿ ಇಳಿಸುತ್ತಾರೆ, ಅಕಸ್ಮಾತ್ ಮುಳುಗಿದರೆ ಹೊರಗೆ ಜಿಗಿಯಲು. ಐಲಿ ತನ್ನ ಪಟ್ಟಿಯನ್ನು ತಾನೇ ಬಿಚ್ಚಿದಳು. ನಾನು ಮೋಟಾರಿನ ಹಿಮಬಂಡಿಯ ಮೇಲೆ ಕ್ಲಿಫರ್ಡನ ಹಿಂದೆ ಕೂತು ಬೆನ್ನಿಗೇ ಹೊರಟೆ.

ನಡುಗೆರೆಗೆ ಬಂದಾಗ ಗಡ್ಡೆ ಗುಡುಗಿತು. ಒಂದು ದಂಡೆಯಿಂದ ಇನ್ನೊಂದು ದಂಡೆಯವರೆಗೆ ಸೀಳಿ ಹೋದಂಥ ಸದ್ದು. ವೈನೋ ಗಾಡಿಯನ್ನು ತುಸು ನಿಧಾನ ಮಾಡಿದ. ಕಿಟಕಿಯಿಂದ ಐಲಿಯ ಕೂಗು: "ನಿಲ್ಲಿಸ್ಬೇಡ್ವೋ ಮಂಕೇ! ಓಡ್ಸು! ಓಡ್ಸು!"

ಓಡಿಸಿದ. ನೀರಿನಡಿ ಮೀನು ಸೇರುವ ಬಂಡೆದಿಬ್ಬದ ಹತ್ತಿರ ಹಿಡಿಕೆ ತಿರುಗಿಸಿ ಮನೆ ಇಳಿಸಿದರು. ಅದು ಗಡ್ಡೆಗೆ ಹೆಪ್ಪುಗಟ್ಟಿ ಹಿಡಿದುಕೊಳ್ಳದಂತೆ ವೈನೋ ಚೌಕಟ್ಟಿನಡಿ ಮರದ ತುಂಡು ಕೊಟ್ಟ. ಐಲಿ ಸಲಿಕೆ ಹಿಡಿದು, ಗಾಳಿ ನುಗ್ಗದಂತೆ ಗೋಡೆಯ ಬುಡಕ್ಕೆ ಹಿಮ ಏರಿಸಿದಳು. ಹೌದು, ಗಡ್ಡೆಯ ಮೇಲೆ ನಿಂತುಕೊಂಡೇ! ಅದನ್ನು ಅವಳಿಗೆ ನೆನಪಿಸಲು ನಾನು ಹೋಗಲಿಲ್ಲ. ಗಡ್ಡೆ ಕೊರೆಯುವ ಯಂತ್ರ ನಾಲ್ಕು ಸಲ ಗರಗರ ಎಂದಿತು. ಮರಿಮೀನು ಸಿಕ್ಕಿಸಿದ ದಾರ ಇಳಿಸಿ ತೂತುಗಳಿಗೆ ಮುಚ್ಚಳ ಹಾಕಿದೆವು.

ಕ್ಲಿಫರ್ಡ್ ಉಳಿದ ಹಿಮ ಏರಿಸಲು ಹೊರಗೆ ನಿಂತ. ನಾವು ಮೂವರು ಒಳಗೆ. ಕಾಫಿ ಕುದಿಯುತ್ತಿತ್ತು. ವೈನೋ ಒಂದು ಮಾತೂ ಆಡದೆ ಒಂದೊಂದೇ ಪರದೆ ಎಳೆದು, ಬಾಗಿಲನ್ನು ಸಂದಿಲ್ಲದಂತೆ ಮುಚ್ಚಿದ. ಕಗ್ಗತ್ತಲೆ. ಐಲಿ ನನ್ನ ತೋಳು ಚಿವುಟುವಷ್ಟು ಬಿಗಿಯಾಗಿ ಹಿಡಿದಳು.

ಆಗ ವೈನೋ ಒಂದು ತೂತಿನ ಮುಚ್ಚಳ ತೆಗೆದ.

ಹೊರಗಿನ ಬಿಸಿಲೆಲ್ಲ ಗಡ್ಡೆಯೊಳಗಿಂದ ಸೋಸಿ, ನೀರಿನಲ್ಲಿ ಹಬ್ಬಿ, ಆ ತೂತಿನಿಂದ ಮೇಲೆ ಬಂತು. ಎಳೆ ಹಸಿರು. ಮಾಡಿನ ಮೇಲೆ ಅಲುಗಾಡಿತು, ನಮ್ಮ ಕೈಗಳ ಮೇಲೆ ಬಿತ್ತು. ಹುಟ್ಟಿದಾಗಿನಿಂದ ನೋಡುತ್ತಿರುವ ನನಗೂ ಮೈ ಜುಮ್ಮೆಂದಿತು. ಐಲಿ ನನ್ನ ತೋಳು ಬಿಟ್ಟು ಮಂಡಿಯೂರಿದಳು. ಬಹಳ ಹೊತ್ತು ಕೆಳಗೆ ನೋಡಿದಳು.

"ಕೆಳಗೆ ಇಷ್ಟು ಬೆಳಕಿರುತ್ತಾ?" ಎಂದಳು.

"ಹಗಲೆಲ್ಲ ಇರುತ್ತೆ," ಎಂದ ವೈನೋ.

"ಎಯ್ನೋ ಕತ್ತಲಲ್ಲಿ ಹೋದ ಅಂದ್ಕೊಂಡಿದ್ದೆ ಕಣೋ. ಇಷ್ಟು ವರ್ಷ." ಅವಳ ದನಿ ಒಡೆಯಿತು. "ಅವನು ಹೋದಾಗ ಮಧ್ಯಾಹ್ನ ಅಲ್ವಾ?"

"ಮಧ್ಯಾಹ್ನ. ಒಳ್ಳೆ ಬಿಸಿಲಿತ್ತು."

ಅವಳು ಅಂಗಿಯ ತೋಳು ಮಡಚಿ ನೀರಿಗೆ ಕೈ ಇಳಿಸಿದಳು. ಬೆರಳುಗಳೂ ಹಸಿರಾದವು. ವೈನೋ ಅಳುತ್ತಿದ್ದ, ನಾನೂ. ಅಷ್ಟರಲ್ಲಿ ಗೋಡೆಯ ರಾಟೆ ಗಿರ್ರನೆ ತಿರುಗಿ ಗಂಟೆ ಹುಚ್ಚು ಹಿಡಿದ ಹಾಗೆ ಬಡಿದುಕೊಂಡಿತು.

"ಮೀನು! ದಾರ ಹಿಡಿ ಐಲಿ, ಹಿಡಿ!"

"ಅಯ್ಯೋ, ಎಳೀತಿದೆ! ಏನ್ ಮಾಡ್ಲಿ?"

"ನೀನೂ ಎಳಿ!"

ಒಂದರ ಹಿಂದೊಂದು ಕೈ ಹಾಕಿ ದಾರ ಎಳೆದಳು, ಕಿರುಚಿದಳು, ಕಾಫಿ ಪಾತ್ರೆ ಉರುಳಿತು. ಮೊಣಕೈಯುದ್ದದ ವಾಲೈ ನೆಲಕ್ಕೆ ಬಿದ್ದು ನಮ್ಮ ಮೂವರ ಕಾಲಿಗೂ ಬಡಿಯಿತು. ಗಡ್ಡೆಯೇ ಬಿರಿಯಿತೆಂದುಕೊಂಡ ಕ್ಲಿಫರ್ಡ್ ಹಗ್ಗ ಹಿಡಿದು ಬಾಗಿಲು ದೂಡಿ ನುಗ್ಗಿದ. ಬೆಳ್ಳನೆ ಬಿಸಿಲು ಒಳಗೆ ಸುರಿದು, ಆ ಹಸಿರು ಮಾಯವಾಯಿತು.

"ಬಾಗ್ಲು ಹಾಕೋ!" ಎಂದು ಗದರಿದಳು ಐಲಿ, ಎರಡೂ ಕೈಯಲ್ಲಿ ಮೀನು ಅಪ್ಪಿ ಹಿಡಿದು. "ಬೆಳಕು ಹೋಗುತ್ತೆ!"

ಕ್ಲಿಫರ್ಡ್ ಒಳಗೆ ಬಂದು ಬಾಗಿಲು ಹಾಕಿದ.